ಒಂದು ಜೊತೆ ಒಣಬಟ್ಟೆ

ಸುಬ್ರಹ್ಮಣ್ಯದ ಪೇಟೆಯಲ್ಲಿ ಬೆಳಗಿನ ಕಾಫಿ ಕುಡಿದು, ಮೈಗೆ ಅಂಟಿಕೊಳ್ಳುವ ಸೆಕೆಯಲ್ಲಿ ತೆಳ್ಳನೆಯ ಅಂಗಿಯೊಂದನ್ನು ತೊಟ್ಟು ಕುಮಾರಪರ್ವತದ ಕಾಡುದಾರಿಯನ್ನು ಹಿಡಿಯುವ ಪಥಿಕನಿಗೆ, ಅದೇ ದಿನ ಸೂರ್ಯಾಸ್ತದ ವೇಳೆಗೆ ಅವನ ಹಲ್ಲುಗಳು ಕಟಕಟನೆ ಬಡಿದುಕೊಳ್ಳುವುವೆಂದು ಯಾರಾದರೂ ಹೇಳಿದರೆ ಅವನು ನಂಬಲಾರನು. ನಂಬದಿರುವುದರಲ್ಲಿ ಆಶ್ಚರ್ಯವೂ ಇಲ್ಲ. ಸಮುದ್ರಮಟ್ಟದಿಂದ ನೂರು ಮೀಟರಿಗೆ ತುಸು ಮೇಲಿರುವ ಆ ಕ್ಷೇತ್ರದಿಂದ 1,712 ಮೀಟರು ಎತ್ತರದ ಶಿಖರದವರೆಗಿನ ಹಾದಿ ಹನ್ನೆರಡು ಹದಿಮೂರು ಕಿಲೋಮೀಟರಿನದು; ಅಷ್ಟರೊಳಗೆ ನೆಲವು ಒಂದೂವರೆ ಸಾವಿರ ಮೀಟರಿಗೂ ಮೀರಿ ಮೇಲೇಳುತ್ತದೆ; ಎತ್ತರವು ಸಾವಿರ ಮೀಟರು ಹೆಚ್ಚಿದರೆ ಉಷ್ಣಮಾನವು ಸುಮಾರು ಆರೂವರೆ ಡಿಗ್ರಿ ಇಳಿಯುವುದೆಂಬ ಸಾಮಾನ್ಯ ಲೆಕ್ಕವನ್ನು ಹಿಡಿದರೆ, ಕೆಳಗೆ ಬೆವರಿದ ಮನುಷ್ಯನು ಮೇಲೆ ಹತ್ತು ಡಿಗ್ರಿ ತಣ್ಣಗಿರುವ ಇನ್ನೊಂದು ಲೋಕವನ್ನು ಹೊಗುತ್ತಾನೆ. ಇದರೊಡನೆ ಶಿಖರಕ್ಕೆ ಮುನ್ನ ಸಿಕ್ಕುವ ಶೇಷಪರ್ವತದ ಬೋಳು ನೆತ್ತಿಯ ಮೇಲೆ ತಡೆಯಿಲ್ಲದೆ ಬೀಸುವ ಗಾಳಿಯನ್ನೂ, ಆ ಗಾಳಿ ಹೊತ್ತು ತರುವ ಮಂಜನ್ನೂ, ಹೇಳದೆ ಕೇಳದೆ ಬಂದು ಹೋಗುವ ಮಳೆಯನ್ನೂ ಕೂಡಿಸಿಕೊಳ್ಳಬೇಕು.

ಕಾಡಿನಲ್ಲಿ ಒಂದೆರಡು ಇರುಳು ಕಳೆದು ಬರಬೇಕೆಂದು ಹಂಬಲಿಸುವ ತರುಣ ತರುಣಿಯರು ಈಚಿನ ವರ್ಷಗಳಲ್ಲಿ ನಮ್ಮ ನಾಡಿನಲ್ಲಿ ಬಹಳವಾಗಿದ್ದಾರೆ. ಅದು ಸಂತೋಷದ ಸಂಗತಿ. ಅವರಲ್ಲಿ ಕೆಲವರು ಹೊರಡುವ ಮುನ್ನ ನನ್ನಂಥ ಹಳಬರನ್ನು ಕಂಡು, ಏನೇನು ಕೊಂಡೊಯ್ಯಬೇಕೆಂದು ಪಟ್ಟಿ ಕೇಳುವುದುಂಟು. ಪಟ್ಟಿ ಬರೆದುಕೊಡುವುದೇನೋ ಸುಲಭ. ಆದರೆ ಅದರಲ್ಲಿರುವ ಇಪ್ಪತ್ತು ಮೂವತ್ತು ವಸ್ತುಗಳೂ ಸಮಾನವಾದವೆಂಬ ಭ್ರಾಂತಿಯನ್ನು ಪಟ್ಟಿಯು ಹುಟ್ಟಿಸುತ್ತದೆ, ಮತ್ತು ಆ ಭ್ರಾಂತಿಯಿಂದಲೇ ಅಪಾಯವು ಮೊದಲಾಗುತ್ತದೆ. ಸಹ್ಯಾದ್ರಿಗೆ ಹೊರಡುವವನ ಚೀಲದಲ್ಲಿ ಎಲ್ಲಕ್ಕಿಂತ ಮಿಗಿಲಾಗಿ ಇರತಕ್ಕದ್ದು, ರಾತ್ರಿಗೆಂದೇ ಮೀಸಲಾದ ಒಂದು ಜೊತೆ ಒಣಬಟ್ಟೆ. ಮಿಕ್ಕ ಸಾಮಾನೆಲ್ಲ ಅದರ ಪರಿವಾರ. ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ.

ಮೂವತ್ತು ವರ್ಷಗಳಿಗೂ ಹಿಂದಿನ ಮಾತು. ಕುಮಾರಪರ್ವತದ ದಾರಿಯಲ್ಲಿರುವ ಕಲ್ಲುಮಂಟಪದ ಬಳಿ ಇರುಳು ತಂಗುವುದಕ್ಕೆ ಆಗ ಈಗಿನಷ್ಟು ಬಿಗಿಯಿರಲಿಲ್ಲ. ಇಂದು ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಆ ದಾರಿಯನ್ನು ತುಳಿಯುವಂತಿಲ್ಲ, ಶಿಖರದ ಮೇಲೆ ಡೇರೆ ಹೂಡುವಂತೆಯೂ ಇಲ್ಲ, ಮತ್ತು ಜನಸಂದಣಿಯಿಂದ ಆ ಹುಲ್ಲುಗಾವಲು ಪಟ್ಟ ಪಾಡನ್ನು ಕಂಡವರಿಗೆ ಈ ಕಟ್ಟುಪಾಡು ನ್ಯಾಯವಾದದ್ದೆಂದೇ ತೋರುತ್ತದೆ. ನಾವು ನಾಲ್ವರು ಸ್ನೇಹಿತರು, ದಾರಿ ತೋರಿಸಲೆಂದು ಬಂದ ಆ ತಪ್ಪಲಿನ ವೃದ್ಧ ಗೌಡರೊಬ್ಬರು, ಒಟ್ಟು ಐವರು. ಚಿತ್ತೆಯ ಮಳೆ ಮುಗಿಯಿತೆಂದು ನಾವು ಎಣಿಸಿದ್ದೆವು. ದಾರಿಯ ನಡುವಣ ಗಿರಿಗದ್ದೆಯನ್ನು ದಾಟಿ ಹುಲ್ಲಿನ ಬೆಟ್ಟಕ್ಕೆ ಬಂದಾಗ ಅದು ಮುಗಿದಿಲ್ಲವೆಂದು ತಿಳಿಯಿತು. ಎರಡು ಗಂಟೆ ಕಾಲ ಸುರಿದ ಮಳೆಯಲ್ಲಿ ನಮ್ಮ ಜೀನ್ಸುಗಳು ನೆನೆದು ಕಾಲಿಗೆ ಸಂಕೋಲೆಯಾದುವು, ಅಂಗಿಗಳು ನೆನೆದುವು, ಜಾಣತನವೆಂದು ಬೆಳಗಿನಿಂದಲೇ ಸೊಂಟಕ್ಕೆ ಕಟ್ಟಿಕೊಂಡಿದ್ದ ಸ್ವೆಟರುಗಳು ನೆನೆದುವು, ಕಟ್ಟಕಡೆಗೆ ಬೆನ್ನಮೇಲಿನ ಚೀಲಗಳ ಹೊಲಿಗೆಗಳಿಂದ ಒಸರಿದ ನೀರು ಒಳಗಿದ್ದ ಹೊದಿಕೆಗಳನ್ನೂ ಮುಟ್ಟಿತು. ಮಂಟಪವನ್ನು ಸೇರುವ ಹೊತ್ತಿಗೆ ನಾಲ್ವರ ಬಳಿಯೂ ಒಣಗಿದ ಒಂದು ಅಂಗೈಯಗಲ ಬಟ್ಟೆ ಉಳಿದಿರಲಿಲ್ಲ.

ನಮ್ಮಲ್ಲಿ ಎಲ್ಲರಿಗಿಂತ ಸಣಕಲಾಗಿದ್ದ ಗೆಳೆಯನು ಮೊದಲು ನಡುಗಿದನು. ಆಮೇಲೆ ಮಾತು ತೊದಲಿದನು. ಬೂಟಿನ ಲಾಡಿಯನ್ನು ಬಿಚ್ಚಲು ಹೋಗಿ ಬೆರಳುಗಳು ಹಿಡಿತಕ್ಕೆ ಬಾರದೆ ಸುಮ್ಮನೆ ಕುಳಿತನು. ನಾವು ಮೂವರೂ ಕಡ್ಡಿ ಪುಳ್ಳೆಗಳನ್ನು ಗುಡ್ಡೆ ಹಾಕಿ, ನೆನೆದ ಬೆಂಕಿಪೊಟ್ಟಣದೊಡನೆ ಹೆಣಗುತ್ತಿದ್ದೆವು. ಗೌಡರು ನಮ್ಮ ಸಾಹಸವನ್ನು ಕ್ಷಣಕಾಲ ನೋಡಿ, "ಮೊದಲು ಒದ್ದೆ ತೆಗೀರಿ ಮಾರಾಯ್ರೆ, ಬೆಂಕಿ ಮತ್ತೆ ನೋಡುವ" ಎಂದರು. ಹಾಗೆಂದು ತಮ್ಮ ಕಂಬಳಿಯ ಕೊಪ್ಪೆಯೊಳಗಿನಿಂದ ತೆಂಗಿನಕಾಯಿಯ ಗಾತ್ರದ ಗಂಟೊಂದನ್ನು ಹೊರತೆಗೆದರು. ಗೊಬ್ಬರದ ಚೀಲದ ಒಳಗಿರುತ್ತದಲ್ಲ, ಆ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಬಾಯನ್ನು ತಿರುಚಿ ಮಡಿಸಿ ಬಾಳೆಯ ನಾರಿನಿಂದ ಬಿಗಿದ ಗಂಟು. ಅದರೊಳಗೆ ಒಂದು ಪಂಚೆ, ಒಂದು ಹಳೆಯ ಉಣ್ಣೆಯ ಅಂಗಿ, ತಲೆಗೆ ಸುತ್ತುವ ಒಂದು ಬಟ್ಟೆ. ಮೂರೂ ಮನೆಯ ಪೆಟ್ಟಿಗೆಯಿಂದ ಈಗತಾನೆ ತೆಗೆದಂತೆ ಬೆಚ್ಚಗೆ, ಒಣಗಿ ಇದ್ದುವು. ದಿನವೆಲ್ಲ ತಾವೂ ನಮ್ಮಂತೆಯೇ ನೆನೆಯುತ್ತ ನಡೆದಿದ್ದರೂ ಅವರು ಆ ಗಂಟನ್ನು ಬಿಚ್ಚಿರಲಿಲ್ಲ. ತಮಗೆಂದು ಇಟ್ಟುಕೊಂಡಿದ್ದ ಆ ಬಟ್ಟೆಯನ್ನು ನಮ್ಮ ಗೆಳೆಯನಿಗೆ ಉಡಿಸಿ, ತಾವು ಕಂಬಳಿಯನ್ನು ಹೊದ್ದು ಗೋಡೆಗೆ ಒರಗಿ ಇರುಳನ್ನು ಕಳೆದರು.

ಶಿವರಾಮ ಕಾರಂತರ 'ಬೆಟ್ಟದ ಜೀವ' ಇದೇ ಪರ್ವತದ ಸೆರಗಿನ ಕಾದಂಬರಿ, 1943ರಲ್ಲಿ ಬಂದದ್ದು, ಕಾಡಿನಲ್ಲಿ ದಾರಿ ತಪ್ಪಿದ ಪಥಿಕನಿಗೆ ಗೋಪಾಲಯ್ಯನವರ ಮನೆಯ ಆಶ್ರಯ ದೊರೆಯುವುದರಿಂದ ಅದರ ಕಥೆಗೆ ಆರಂಭ. ನಮಗೂ ಅಂದು ಅಂಥದೊಂದು ಭಾಗ್ಯವೇ ದೊರೆಯಿತೆನ್ನಬೇಕು. ಆದರೆ ಭಾಗ್ಯವನ್ನು ಚೀಲದಲ್ಲಿ ತುಂಬಿಕೊಂಡು ಹೋಗಲಾಗದು. ಗೌಡರ ಗಂಟನ್ನು ತುಂಬಿಕೊಂಡು ಹೋಗಬಹುದು.

ಒದ್ದೆಯ ವಿಷಯದಲ್ಲಿ ಇಷ್ಟೊಂದು ಭಯವೇಕೆಂದು ಕೇಳುವವರಿಗೆ ಭೌತಶಾಸ್ತ್ರವು ಸ್ಪಷ್ಟವಾದ ಉತ್ತರವನ್ನು ಕೊಡುತ್ತದೆ. ಬಟ್ಟೆಯು ತಾನಾಗಿ ಶಾಖವನ್ನು ಉತ್ಪಾದಿಸುವುದಿಲ್ಲ. ತನ್ನ ಎಳೆಗಳ ನಡುವೆ ಗಾಳಿಯನ್ನು ಹಿಡಿದಿಟ್ಟು, ಮೈಯ ಶಾಖವು ಹೊರಗೆ ಹರಿಯದಂತೆ ಕಾಯುವುದಷ್ಟೇ ಅದರ ಧರ್ಮ. ಆ ಗಾಳಿಯ ಸ್ಥಾನವನ್ನು ನೀರು ಆಕ್ರಮಿಸಿತೆಂದರೆ, ಗಾಳಿಗಿಂತ ಸುಮಾರು ಇಪ್ಪತ್ತೈದು ಪಟ್ಟು ವೇಗವಾಗಿ ಶಾಖವನ್ನು ಸಾಗಿಸಬಲ್ಲ ಆ ನೀರು, ಕಾಯುವವನೇ ಕಳ್ಳನಾದಂತೆ ಮೈಯ ಬಿಸಿಯನ್ನು ಹೊರಕ್ಕೆ ಸಾಗಿಸತೊಡಗುತ್ತದೆ. ಇಷ್ಟು ಸಾಲದೆಂಬಂತೆ, ಗಾಳಿ ಬೀಸಿ ನೀರು ಆವಿಯಾಗುವಾಗ ಒಂದೊಂದು ಗ್ರಾಮಿಗೂ ಸುಮಾರು 580 ಕ್ಯಾಲೊರಿ ಶಾಖ ವ್ಯಯವಾಗುತ್ತದೆ. ಅರ್ಧ ಲೀಟರು ನೀರನ್ನು ಕುಡಿದ ಬಟ್ಟೆ ನಮ್ಮ ಮೈಮೇಲೆಯೇ ಒಣಗಬೇಕಾದರೆ, ಅದಕ್ಕೆ ಬೇಕಾದ ಶಾಖವೆಲ್ಲ ಮೈಯಿಂದಲೇ ಬರುವುದಾದರೆ, ಇನ್ನೂರ ತೊಂಬತ್ತು ಕಿಲೋಕ್ಯಾಲೊರಿಯಷ್ಟನ್ನು, ಅಂದರೆ ನಾಲ್ಕೈದು ಇಡ್ಲಿಗಳಿಂದ ಬರುವ ಶಕ್ತಿಯನ್ನು, ಬಟ್ಟೆ ಒಣಗಿಸುವ ಒಂದೇ ಕೆಲಸಕ್ಕೆ ನಾವು ತೆರಬೇಕು. ದಣಿದು ಹಸಿದ ದೇಹಕ್ಕೆ ಅದು ಸಣ್ಣ ತೆರಿಗೆಯಲ್ಲ. ಮೈಯೊಳಗಿನ ಉಷ್ಣತೆ 37 ಡಿಗ್ರಿಯಿಂದ 35ಕ್ಕಿಂತ ಕೆಳಗಿಳಿದರೆ ವೈದ್ಯರು ಅದನ್ನು ಅತಿಶೀತ ಸ್ಥಿತಿಯೆಂದು ಕರೆಯುತ್ತಾರೆ. ಅದಕ್ಕೆ ಹಿಮವೇ ಬೀಳಬೇಕೆಂದಿಲ್ಲ, ಮಳೆ ಗಾಳಿಗಳು ಕೂಡಿದರೆ ಹತ್ತು ಹನ್ನೆರಡು ಡಿಗ್ರಿಯ ಹವೆಯಲ್ಲಿಯೂ ಅದು ಸಂಭವಿಸುತ್ತದೆ. ತೊದಲು ಮಾತು, ತಡವರಿಸುವ ಹೆಜ್ಜೆ, ಹಿಡಿತ ತಪ್ಪಿದ ಬೆರಳು, ಇವು ಅದರ ಲಕ್ಷಣಗಳು. ನಡುಗುತ್ತಿದ್ದವನು ಬೆಚ್ಚಗಾಗದೆಯೇ ನಡುಕವನ್ನು ನಿಲ್ಲಿಸಿದನೆಂದರೆ ಸ್ಥಿತಿ ಸುಧಾರಿಸಿತೆಂದಲ್ಲ, ಕೆಟ್ಟಿತೆಂದು ತಿಳಿಯಬೇಕು.

ಆದುದರಿಂದ ಬಟ್ಟೆಗಳ ಆಯ್ಕೆಯಲ್ಲಿ ನಾವು ಕೇಳಬೇಕಾದ ಪ್ರಶ್ನೆ ಇದು ಎಷ್ಟು ಬೆಚ್ಚಗಿದೆ ಎಂಬುದಲ್ಲ. ನೆನೆದ ಮೇಲೆ ಇದು ಹೇಗಿರುತ್ತದೆ ಎಂಬುದು. ನಮ್ಮ ಬಯಲುಸೀಮೆಯ ಬೇಸಗೆಗೆ ಹತ್ತಿಯಷ್ಟು ಹಿತವಾದ ವಸ್ತ್ರ ಇನ್ನೊಂದಿಲ್ಲ. ಬೆವರನ್ನು ಹೀರಿ ಮೈಯನ್ನು ತಂಪಾಗಿಡುವ ಅದರ ಗುಣವೇ ಅಲ್ಲಿ ವರ. ಅದೇ ಗುಣವು ಬೆಟ್ಟದ ಮೇಲೆ ಶಾಪವಾಗುತ್ತದೆ. ಹತ್ತಿಯ ಎಳೆ ನೀರನ್ನು ಕುಡಿದು ಮೆತ್ತಗಾಗಿ ಮೈಗೆ ಅಂಟಿಕೊಳ್ಳುತ್ತದೆ, ಗಾಳಿಗೆ ಎಡೆಯುಳಿಯುವುದಿಲ್ಲ, ಒಣಗುವುದಕ್ಕೆ ದಿನವಿಡೀ ಬೇಕು. ಜೀನ್ಸು ನಾವು ತೊಡುವ ಹತ್ತಿಯ ಬಟ್ಟೆಗಳಲ್ಲಿ ತೀರ ದಪ್ಪನಾದದ್ದು, ಆದಕಾರಣ ಈ ದೋಷಗಳೂ ಅದರಲ್ಲಿ ದಪ್ಪವಾಗಿಯೇ ಇವೆ. ಕಾಡಿಗೆ ಅದು ಬೇಡ. ಈ ಒಂದು ಮಾತಿನಲ್ಲಿ ನಾನು ರಾಜಿಗೆ ಸಿದ್ಧನಲ್ಲ. ಪಾಲಿಯೆಸ್ಟರಿನ ಇಲ್ಲವೆ ನೈಲಾನಿನ ತೆಳ್ಳನೆಯ ಷರಾಯಿ, ಅದೇ ಬಗೆಯ ತುಂಬುತೋಳಿನ ಅಂಗಿ, ಕಾಡುದಾರಿಯ ಹಗಲಿಗೆ ಇವು ಧಾರಾಳವಾಗಿ ಸಾಕು. ನೆನೆದರೆ ಕೊಡವಿಕೊಂಡರಾಯಿತು, ಗಂಟೆಯೊಂದರ ನಡಿಗೆಯಲ್ಲಿ ಅರೆಒಣಗುತ್ತವೆ. ಆಟದ ಮೈದಾನಕ್ಕೆ ಹಾಕಿಕೊಳ್ಳುವ ಅಗ್ಗದ ಬನಿಯನು ಮನೆಯಲ್ಲಿದ್ದರೆ ಅದೇ ಆದೀತು.

ಉಣ್ಣೆಯ ಮಾತು ಬೇರೆ. ಅದು ತನ್ನ ತೂಕದ ಮೂರನೆಯ ಒಂದು ಪಾಲಿನಷ್ಟು ತೇವವನ್ನು ಎಳೆಯ ಒಡಲಿನೊಳಕ್ಕೆ ಸೆಳೆದುಕೊಂಡ ಮೇಲೂ ಮುಟ್ಟಿದವರಿಗೆ ಒದ್ದೆಯೆನಿಸುವುದಿಲ್ಲ; ಹಾಗೆ ಸೆಳೆದುಕೊಳ್ಳುವಾಗ ಕಿಂಚಿತ್ ಶಾಖವನ್ನೂ ಬಿಡುಗಡೆ ಮಾಡುತ್ತದೆ; ಎಳೆಗಳಲ್ಲಿ ಸಹಜವಾಗಿರುವ ಸುರುಳಿಯಿಂದಾಗಿ ನೆನೆದರೂ ಪೂರ್ತಿ ಕುಸಿಯದೆ ಗಾಳಿಗೆ ಎಡೆ ಉಳಿಸುತ್ತದೆ. ಇದನ್ನು ಪ್ರಯೋಗಶಾಲೆಗಳು ಅಳೆದು ಹೇಳುವ ಎಷ್ಟೋ ಶತಮಾನಗಳ ಮೊದಲೇ ನಮ್ಮ ಕುರುಬರು ಅರಿತಿದ್ದರು. ಬಯಲುಸೀಮೆಯ ಒರಟುತುಪ್ಪಟದ ಕುರಿ, ಅದರ ಕಪ್ಪು ಉಣ್ಣೆಯನ್ನು ಕೈಯಿಂದ ನೂತ ನೂಲು, ಗುಂಡಿಯ ಮಗ್ಗ, ಹುಣಿಸೆಬೀಜವನ್ನು ಅರೆದು ಬೇಯಿಸಿ ಹಚ್ಚಿದ ಸರಿ, ಇಷ್ಟರಿಂದ ಚಳ್ಳಕೆರೆಯ ಕಡೆಯಲ್ಲಿ ಸಿದ್ಧವಾಗುವ ಕಂಬಳಿಯು ಘಟ್ಟದ ಕಡೆಗೆ ಬಂದು ಮಲೆನಾಡಿನ ಮಳೆಯಲ್ಲಿ ತನ್ನ ಸಾರ್ಥಕತೆಯನ್ನು ಕಂಡಿತು. ಅದನ್ನು ಉದ್ದಕ್ಕೆ ಮಡಿಸಿ, ಒಂದು ತುದಿಯ ಮೂಲೆಯನ್ನು ಒಳಕ್ಕೆ ತಿರುಗಿಸಿ ತಲೆಗೆ ಸೇರಿಸಿದರೆ ಕೊಪ್ಪೆ, ಬಿಚ್ಚಿ ಹಾಸಿದರೆ ಹಾಸಿಗೆ, ಹೊದೆದರೆ ಹೊದಿಕೆ, ನಾಲ್ಕು ಮೂಲೆ ಸೇರಿಸಿದರೆ ಹೊರೆ ಕಟ್ಟುವ ಜೋಳಿಗೆ. ಮಳೆಯ ಹನಿ ಅದರ ಒರಟು ರೋಮದ ಮೇಲೆ ನಿಂತು ಜಾರುವುದನ್ನೂ, ಹೊರಮೈ ತೊಯ್ದಿದ್ದರೂ ಒಳಮೈ ಬೆಚ್ಚಗಿರುವುದನ್ನೂ ನಾನು ಗೌಡರ ಪಕ್ಕದಲ್ಲಿ ಕುಳಿತು ಕೈಯಿಟ್ಟು ನೋಡಿದ್ದೇನೆ. ಗದ್ದೆಯಲ್ಲಿ ಬಗ್ಗಿ ನಾಟಿ ಮಾಡುವ ಹೆಂಗಸರ ಬೆನ್ನನ್ನು ಕಾಯುತ್ತಿದ್ದ, ಬಿದಿರು ಎಲೆಗಳಿಂದ ಹೆಣೆದ ಗೊರಬಿನಲ್ಲಿಯೂ ಇಂಥದೇ ವಿವೇಕವುಂಟು: ನೀರು ಹೊರಗೆ ಹರಿಯಬೇಕು, ಬೆವರಿನ ಹಬೆ ಒಳಗೆ ಕಟ್ಟಿಕೊಳ್ಳಬಾರದು.

ಹಾಗೆಂದು ಇಂದಿನ ಚಾರಣಿಗನು ಕಂಬಳಿಯನ್ನೇ ಹೊರಬೇಕೆಂದು ನಾನು ಹೇಳಲಾರೆ. ಅದು ಭಾರ; ನೆನೆದರೆ ಇನ್ನೂ ಭಾರ; ಅದನ್ನು ಹೊತ್ತು ಬೆಟ್ಟ ಹತ್ತುವ ಅಭ್ಯಾಸ ನಮ್ಮ ಹೆಗಲುಗಳಿಗೆ ತಪ್ಪಿಹೋಗಿದೆ. ಅದರ ಮೂರು ಕೆಲಸಗಳನ್ನು, ಅಂದರೆ ಬೆವರನ್ನು ಆಚೆಗೆ ಕಳುಹಿಸುವುದು, ಗಾಳಿಯನ್ನು ಹಿಡಿದಿಡುವುದು, ಮಳೆಗಾಳಿಗಳನ್ನು ತಡೆಯುವುದು ಇವನ್ನು, ಮೂರು ಬೇರೆ ಬೇರೆ ತೆಳು ಉಡುಪುಗಳಿಗೆ ಹಂಚುವುದೇ ಈಗಿನ ಕ್ರಮ. ಮೈಗೆ ತಾಗಿ ಬೇಗ ಒಣಗುವ ಒಂದು ಬನಿಯನು. ಅದರ ಮೇಲೆ ಉಣ್ಣೆಯ ಸ್ವೆಟರು ಅಥವಾ ಫ್ಲೀಸಿನ ಜಾಕೆಟು. ಎಲ್ಲಕ್ಕೂ ಹೊರಗೆ ಗಾಳಿಮಳೆಗಳನ್ನು ತಡೆಯುವ ಕವಚ. ಒಂದೇ ದಪ್ಪ ಕೋಟಿಗಿಂತ ಇದು ಮೇಲು, ಏಕೆಂದರೆ ಪದರ ಪದರಗಳ ನಡುವೆಯೂ ಗಾಳಿ ನಿಲ್ಲುತ್ತದೆ, ಮತ್ತು ಬೇಕಾದಂತೆ ತೆಗೆದು ಹಾಕಬಹುದು. ಇದು ಹೊಸ ವಿದ್ಯೆಯೇನಲ್ಲ. 1924ರಲ್ಲಿ ಎವರೆಸ್ಟಿನಲ್ಲಿ ಕಣ್ಮರೆಯಾದ ಜಾರ್ಜ್ ಮ್ಯಾಲರಿಯ ದೇಹವು 1999ರ ಮೇ ತಿಂಗಳಲ್ಲಿ ಎಂಟು ಸಾವಿರ ಮೀಟರಿಗೂ ಮೇಲೆ ದೊರೆತಾಗ, ಆತನ ಮೈಮೇಲೆ ರೇಷ್ಮೆ, ಹತ್ತಿ, ಉಣ್ಣೆಗಳ ತೆಳು ಪದರಗಳೂ ಅವುಗಳ ಮೇಲೆ ಗ್ಯಾಬರ್ಡೀನಿನ ಹೊರ ಉಡುಪೂ ಕಂಡುಬಂದುವು. ಆ ಉಡುಪುಗಳ ಪ್ರತಿರೂಪವನ್ನು ನೇಯಿಸಿ 2006ರಲ್ಲಿ ಎವರೆಸ್ಟಿನ ಇಳಿಜಾರಿನಲ್ಲಿಯೇ ತೊಟ್ಟು ನೋಡಿದವರು, ಅವು ಹಗುರವೂ ಹಿತವೂ ಆಗಿದ್ದುವೆಂದು ಹೇಳಿದರು. ಬಟ್ಟೆಯ ಬೆಲೆಗಿಂತ ಅದನ್ನು ತೊಡುವ ಕ್ರಮ ದೊಡ್ಡದು.

ಕ್ರಮವೆಂದರೆ ಹೀಗೆ. ಹತ್ತುವಾಗ ಬೆಚ್ಚನೆಯ ಉಡುಪನ್ನು ತೊಡಬಾರದು. ಹೊರಟ ಮೊದಲ ಹತ್ತು ನಿಮಿಷ ತುಸು ಚಳಿಯೆನಿಸಬೇಕು. ಆಗ ಏರುದಾರಿಯಲ್ಲಿ ಮೈ ಸರಿಯಾದ ಬಿಸಿಗೆ ಬರುತ್ತದೆ. ಹಾಗಲ್ಲದೆ ಸ್ವೆಟರು ತೊಟ್ಟು ಏರಿದವನು ಮಳೆಯಿಲ್ಲದ ದಿನವೂ ಬೆವರಿನಿಂದ ಒಳಗಿಂದೊಳಗೇ ತೊಯ್ದು, ವಿಶ್ರಾಂತಿಗೆ ಕುಳಿತೊಡನೆ ನಡುಗತೊಡಗುತ್ತಾನೆ. ಮಳೆಯ ಅಂಗಿಯ ವಿಷಯದಲ್ಲಿಯೂ ಇದೇ ಎಚ್ಚರ ಬೇಕು: ಪೂರಾ ರಬ್ಬರಿನಂತಿರುವ ರೇನುಕೋಟು ಹೊರಗಿನ ನೀರನ್ನು ತಡೆದಷ್ಟೇ ನಿಷ್ಠೆಯಿಂದ ಒಳಗಿನ ಬೆವರನ್ನೂ ತಡೆಯುತ್ತದೆ. ಮರಗಳ ಮರೆಯಿರುವ ಕಾಡಿನೊಳಗೆ, ಗಾಳಿಯಿಲ್ಲದಿರುವಾಗ, ನಮ್ಮ ಸಾದಾ ಕೊಡೆಯೇ ಎಲ್ಲಕ್ಕಿಂತ ಉತ್ತಮವೆಂಬುದು ನನ್ನ ಅನುಭವ. ಕಾಡು ಮುಗಿದು ಬೋಳುಬೆಟ್ಟ ಬಂದೊಡನೆ ಅದನ್ನು ಮಡಿಸಿ ಕವಚವನ್ನು ತೊಟ್ಟುಕೊಳ್ಳತಕ್ಕದ್ದು.

ಇನ್ನು ಪಾದಗಳು. ಹೊಸ ಬೂಟನ್ನು ಬೆಟ್ಟದ ಬುಡದಲ್ಲಿ ಮೊದಲ ಬಾರಿಗೆ ತೊಡುವವರನ್ನು ಪ್ರತಿವರ್ಷವೂ ಕಾಣುತ್ತೇನೆ, ಇಳಿಯುವಾಗ ಅವರ ಹಿಮ್ಮಡಿಯ ಬೊಕ್ಕೆಗಳನ್ನೂ ಕಾಣುತ್ತೇನೆ. ಹದಿನೈದು ದಿನ ಊರಿನಲ್ಲಿ ನಡೆದು ಪಳಗಿಸಿದ ಬೂಟಾದರೆ ಮಾತ್ರ ಬೆಟ್ಟಕ್ಕೆ ಯೋಗ್ಯ. ದಪ್ಪ ಚರ್ಮದ ಬೂಟು ಹಿಮಾಲಯಕ್ಕೆ ಸರಿ. ಹೊಳೆ ತೊರೆಗಳನ್ನು ದಿನಕ್ಕೆ ನಾಲ್ಕು ಸಲ ದಾಟಬೇಕಾದ ಸಹ್ಯಾದ್ರಿಯಲ್ಲಿ ಅದು ಒಮ್ಮೆ ನೆನೆದರೆ ಊರಿಗೆ ಬರುವವರೆಗೆ ಒಣಗದು. ಕ್ಯಾನ್ವಾಸಿನ ಮೈಯೂ ಗುಬುಟುಗಳಿರುವ ರಬ್ಬರಿನ ಅಡಿಯೂ ಇರುವ, ಅಂಗಡಿಯವರು ಹಂಟರ್ ಶೂ ಎಂದು ಕರೆಯುವ ಅಗ್ಗದ ಜೋಡುಗಳು ಪಾಚಿಗಟ್ಟಿದ ನೆಲವನ್ನು ಕಚ್ಚಿ ಹಿಡಿಯುತ್ತವೆ, ಬೇಗ ನೀರು ಬಿಡುತ್ತವೆ. ಅರಣ್ಯ ಕಾವಲುಗಾರರ ಕಾಲಿನಲ್ಲಿ ನಾನು ಹೆಚ್ಚಾಗಿ ಕಂಡದ್ದೂ ಅವನ್ನೇ. ಕಾಲುಚೀಲ ಮೂರು ಜೊತೆ: ಎರಡು ಹಗಲಿಗೆ, ಒಂದು, ಉಣ್ಣೆಯದು, ರಾತ್ರಿಯ ಗಂಟಿಗೆ.

ಮಳೆ ಕಳೆದ ಮೇಲೂ ತೇವವಾರದ ಕಾಡಿನಲ್ಲಿ ಇಂಬಳಗಳಿರುತ್ತವೆ, ಕೆಲವೆಡೆ ಉಂಬಳವೆನ್ನುತ್ತಾರೆ. ಅವು ಕಚ್ಚಿದ್ದು ತಿಳಿಯುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ಮಾಡುವ ದ್ರವ್ಯವೊಂದು ಅವುಗಳ ಜೊಲ್ಲಿನಲ್ಲಿರುವುದರಿಂದ, ಅವು ಬಿಟ್ಟುಹೋದ ಮೇಲೂ ಬಹಳ ಹೊತ್ತು ನೆತ್ತರು ಒಸರುತ್ತದೆ. ನೋಟಕ್ಕೆ ಭೀಕರ, ಆದರೆ ಅಪಾಯ ಅಲ್ಪ. ಒತ್ತಾಗಿ ನೇಯ್ದ ಬಟ್ಟೆಯಿಂದ ಮೊಣಕಾಲಿನವರೆಗೆ ಹೊಲಿಸಿದ ಚೀಲವನ್ನು ಕಾಲುಚೀಲದ ಮೇಲೆ ಹಾಕಿ ಕಟ್ಟಿಕೊಂಡರೆ ಅವು ಒಳನುಗ್ಗಲಾರವು. ಮಲೆನಾಡಿನವರ ಉಪಾಯ ಇನ್ನೂ ಸರಳವಾದದ್ದು: ಸುಣ್ಣವನ್ನೂ ಹೊಗೆಸೊಪ್ಪನ್ನೂ ಕೂಡಿಸಿ ಬಟ್ಟೆಯ ಸಣ್ಣ ಗಂಟು ಮಾಡಿ ಕೋಲಿನ ತುದಿಗೆ ಬಿಗಿಯುತ್ತಾರೆ, ನೀರಲ್ಲಿ ಅದ್ದಿ ಇಂಬಳಕ್ಕೆ ಮುಟ್ಟಿಸಿದರೆ ಅದು ಕೂಡಲೆ ಉದುರುತ್ತದೆ. ಊರುಗೋಲೂ ಆಯಿತು, ಔಷಧಿಯೂ ಆಯಿತು.

ಮಲಗುವ ವ್ಯವಸ್ಥೆಯಲ್ಲಿ ಹೊಸಬರು ಮೇಲಿನ ಹೊದಿಕೆಯನ್ನು ಕುರಿತು ಬಹಳ ಯೋಚಿಸಿ ಕೆಳಗಿನ ಹಾಸನ್ನು ಮರೆಯುತ್ತಾರೆ. ಸ್ಲೀಪಿಂಗ್ ಬ್ಯಾಗು ಎಷ್ಟೇ ದಪ್ಪವಾಗಿದ್ದರೂ, ನಮ್ಮ ಮೈಭಾರಕ್ಕೆ ಅದರ ಕೆಳಭಾಗ ಅಪ್ಪಚ್ಚಿಯಾಗಿ ಅದರೊಳಗಿನ ಗಾಳಿಯೆಲ್ಲ ಹೊರಟುಹೋಗುತ್ತದೆ. ಆಮೇಲೆ ನೆಲವು ಇರುಳಿಡೀ ಮೈಯ ಶಾಖವನ್ನು ಹೀರುತ್ತದೆ. ಹಿಂದಿನವರು ತರಗೆಲೆಯ ಮೇಲೆ ಚಾಪೆ ಹಾಸುತ್ತಿದ್ದರು. ರಕ್ಷಿತಾರಣ್ಯದಲ್ಲಿ ಸೊಪ್ಪು ಸವರುವುದು ಸಲ್ಲದು. ಒತ್ತಿದರೂ ಗಾಳಿ ಬಿಡದ ಫೋಮಿನ ಚಾಪೆಯೊಂದು ಕೆಲವೇ ನೂರು ಗ್ರಾಮು ತೂಗುತ್ತದೆ, ಅದನ್ನು ಸುರುಳಿ ಸುತ್ತಿ ಹೊರಗೆ ಕಟ್ಟಿಕೊಂಡರೆ ಮಳೆಯೂ ಅದನ್ನೇನೂ ಮಾಡದು. ಒಂದನ್ನು ಬಿಡಲೇಬೇಕಾದರೆ ಎರಡನೆಯ ಹೊದಿಕೆಯನ್ನು ಬಿಡಿ, ಚಾಪೆಯನ್ನು ಬಿಡಬೇಡಿ. ಹಕ್ಕಿಗರಿ ತುಂಬಿದ ಚೀಲಗಳು ಒಣ ಹಿಮದ ನಾಡಿಗೆ ಶ್ರೇಷ್ಠ. ನಮ್ಮ ಘಟ್ಟದ ತೇವದಲ್ಲಿ ಗರಿಗಳು ಮುದ್ದೆಗಟ್ಟಿ ನಿರುಪಯುಕ್ತವಾಗುವುದರಿಂದ ಪಾಲಿಯೆಸ್ಟರಿನ ನಾರು ತುಂಬಿದ್ದೇ ಇಲ್ಲಿಗೆ ಮೇಲು. ಡೇರೆಯನ್ನು ಅನುಮತಿಯಿರುವ ಜಾಗದಲ್ಲಿ, ನೀರು ಹರಿಯುವ ತಗ್ಗನ್ನು ಬಿಟ್ಟು, ಗಾಳಿಯಾಡಲು ಎರಡು ಕಡೆ ಎಡೆಯುಳಿಸಿ ಹೂಡಬೇಕು; ಪೂರಾ ಮುಚ್ಚಿದರೆ ನಮ್ಮ ಉಸಿರೇ ಬೆಳಗಿನ ಹೊತ್ತಿಗೆ ಹನಿಯಾಗಿ ಮೇಲಿಂದ ತೊಟ್ಟಿಕ್ಕುತ್ತದೆ.

ಬೆಂಕಿಯ ಮೇಲೆ ಭರವಸೆಯಿಡುವ ಕಾಲ ಮುಗಿಯಿತು. ವನ್ಯಜೀವಿಧಾಮಗಳಲ್ಲಿ ಬೆಂಕಿ ಹಾಕುವುದು ಅಪರಾಧ. ಮಾಗಿಯ ತರುವಾಯ ಒಣಗಿದ ಹುಲ್ಲುಬೆಟ್ಟವನ್ನು ಒಂದು ಕಿಡಿ ಎಷ್ಟು ದೂರ ಸುಡಬಲ್ಲುದೆಂಬುದನ್ನು ಘಟ್ಟದ ಜನ ಬಲ್ಲರು. ಚಳಿಯಾದರೆ ಕಾಯಿಸಿಕೊಂಡರಾಯಿತೆಂಬ ಧೈರ್ಯ ಈಗ ಯಾರಿಗೂ ಇರತಕ್ಕದ್ದಲ್ಲ. ಆ ಧೈರ್ಯವೆಲ್ಲ ಚೀಲದೊಳಗಿನ ಗಂಟಿನಿಂದಲೇ ಬರಬೇಕು.

ಚೀಲವನ್ನು ತುಂಬುವ ವಿಧಾನದ ಬಗ್ಗೆ ಸ್ವಲ್ಪ ಸಾವಧಾನವಾಗಿಯೇ ಹೇಳಬೇಕು, ಏಕೆಂದರೆ ಒಳ್ಳೆಯ ಸಾಮಾನು ಕೊಂಡವರೂ ಇಲ್ಲಿ ಎಡವುತ್ತಾರೆ. ಹೊರುವ ತೂಕ ದೇಹದ ತೂಕದ ಐದನೆಯ ಒಂದು ಪಾಲನ್ನು ಮೀರದಿರಲಿ. ಅರುವತ್ತು ಕಿಲೋ ತೂಗುವವನಿಗೆ, ನೀರೂ ಸೇರಿ, ಹನ್ನೆರಡು ಕಿಲೋ. ಬೆನ್ನುಚೀಲದ ಮೇಲೆ ಹೊದಿಸುವ ಮಳೆಹೊದಿಕೆಯನ್ನು ಜನ ಬಹಳವಾಗಿ ನಂಬುತ್ತಾರೆ. ಆದರೆ ಕುತ್ತಿಗೆಯಿಂದ ಬೆನ್ನಿನ ಮೇಲೆ ಹರಿದಿಳಿಯುವ ನೀರು ಚೀಲದ ಒಳಮೈಯಿಂದಲೇ ನುಗ್ಗುವಾಗ ಆ ಹೊದಿಕೆ ಏನೂ ಮಾಡಲಾರದು. ಆದುದರಿಂದ ಚೀಲದ ಒಳಗೇ ದಪ್ಪ ಪ್ಲಾಸ್ಟಿಕ್ಕಿನ ಒಂದು ದೊಡ್ಡ ಚೀಲವನ್ನಿರಿಸಿ, ಸಾಮಾನನ್ನೆಲ್ಲ ಅದರೊಳಗೆ ತುಂಬಿ, ಬಾಯನ್ನು ಗೌಡರು ಮಾಡಿದಂತೆ ತಿರುಚಿ ಮಡಿಸಬೇಕು. ಎಲ್ಲಕ್ಕೂ ಅಡಿಯಲ್ಲಿ ಸ್ಲೀಪಿಂಗ್ ಬ್ಯಾಗು. ಅದರ ಮಗ್ಗುಲಲ್ಲಿ, ತನ್ನದೇ ಆದ ಇನ್ನೊಂದು ಪ್ಲಾಸ್ಟಿಕ್ಕಿನಲ್ಲಿ ಬಿಗಿದ ಒಣಬಟ್ಟೆಯ ಗಂಟು. ಇವೆರಡೂ ಸಂಜೆಯವರೆಗೆ ಬೇಕಾಗುವುದಿಲ್ಲ, ಬೇಕಾಗಲೂ ಕೂಡದು. ನೀರು, ಅವಲಕ್ಕಿ, ಬೆಲ್ಲ, ಹುರಿಹಿಟ್ಟು, ಪಾತ್ರೆಯಂಥ ಭಾರದ ವಸ್ತುಗಳು ಬೆನ್ನಿಗೆ ತಾಗಿ, ಎರಡು ಹೆಗಲೆಲುಬುಗಳ ನಡುವಣ ಮಟ್ಟಕ್ಕೆ ಬರಲಿ. ದೂರಕ್ಕೆ ಹೋದಷ್ಟೂ ಅವು ನಮ್ಮನ್ನು ಹಿಂದಕ್ಕೆ ಜಗ್ಗುತ್ತವೆ. ಸೊಂಟದ ಪಟ್ಟಿಯನ್ನು ಮೊದಲು ಬಿಗಿದು ಆಮೇಲೆ ಹೆಗಲಿನ ಪಟ್ಟಿಯನ್ನು ಎಳೆದುಕೊಂಡರೆ ಭಾರದ ಬಹುಪಾಲು ಸೊಂಟದ ಮೇಲೆ ಕೂರುತ್ತದೆ. ಮಳೆಯ ಕವಚವೂ ತಲೆಗೆ ಕಟ್ಟುವ ಟಾರ್ಚೂ ಎಲ್ಲಕ್ಕಿಂತ ಮೇಲೆ, ಕೈ ಹಾಕಿದೊಡನೆ ಸಿಕ್ಕುವಂತಿರಬೇಕು. ಮಳೆಯಲ್ಲಿ ಚೀಲವನ್ನು ಪೂರ್ತಿ ಬಿಚ್ಚಿ ಕವಚವನ್ನು ಹುಡುಕುವವನು ಒಳಗಿನದೆಲ್ಲವನ್ನೂ ತಾನೇ ಕೈಯಾರೆ ನೆನೆಸುತ್ತಾನೆ.

ಉಳಿದವನ್ನು ಬೇಗ ಮುಗಿಸುತ್ತೇನೆ. ಶಿಳ್ಳೆ, ಸಣ್ಣ ಚಾಕು, ಐದಾರು ಮಾರು ಗಟ್ಟಿ ಹುರಿ, ಸೂಜಿ ದಾರ, ಓಆರ್‌ಎಸ್ ಪುಡಿ, ಗಾಯಕ್ಕೆ ಕಟ್ಟುವ ಪಟ್ಟಿ, ತಮಗೆ ನಿತ್ಯ ಬೇಕಾದ ಔಷಧಿ. ಹಾವು ಕಚ್ಚಿದರೆ ಕೊಯ್ಯುವುದಾಗಲಿ ಬಿಗಿಯಾಗಿ ಕಟ್ಟುವುದಾಗಲಿ ಬೇಡ. ಕಚ್ಚಿಸಿಕೊಂಡವನನ್ನು ನಡೆಸದೆ, ಕಚ್ಚಿದ ಅಂಗವನ್ನು ಅಲುಗಿಸದೆ, ಬೇಗನೆ ಆಸ್ಪತ್ರೆಗೆ ಸಾಗಿಸುವುದೊಂದೇ ದಾರಿ. ಹತ್ತಿಯನ್ನು ಅಷ್ಟು ನಿಂದಿಸಿದ ನಾನು ಒಂದು ಹತ್ತಿಯ ವಸ್ತ್ರಕ್ಕೆ ಮಾತ್ರ ಚೀಲದಲ್ಲಿ ಸ್ಥಾನ ಕೊಡುತ್ತೇನೆ, ಅದು ತೆಳ್ಳನೆಯ ಪಾಣಿಪಂಚೆ; ಮೈ ಒರಸಲು, ಬಟ್ಟೆ ಬದಲಿಸುವಾಗ ಮರೆಗೆ, ಬಿಸಿಲಿಗೆ ತಲೆಗೆ, ಉಳುಕಿದ ಕೈಗೆ ಜೋಲಿ ಕಟ್ಟಲು ಅದಕ್ಕಿಂತ ಒದಗುವ ವಸ್ತುವಿಲ್ಲ.

ಹಿಮಾಲಯಕ್ಕೆ ಹೋಗುವ ಕನ್ನಡಿಗರ ಸಂಖ್ಯೆಯೂ ಈಗ ದೊಡ್ಡದು. 2024ರ ಜೂನ್ ತಿಂಗಳ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲದ ಹಾದಿಯಲ್ಲಿ, ನಾಲ್ಕು ಸಾವಿರ ಮೀಟರಿಗೂ ಮೇಲೆ, ಕರ್ನಾಟಕದಿಂದ ಹೋಗಿದ್ದ ಚಾರಣಿಗರ ತಂಡವು ಹಿಮಗಾಳಿಗೆ ಸಿಕ್ಕಿ ಒಂಬತ್ತು ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಅನುಭವಿಗಳೂ ಇದ್ದರು. ದೂರದಲ್ಲಿ ಕುಳಿತು ಆ ಸಾವುಗಳಿಗೆ ಬಟ್ಟೆಯ ಕಾರಣವನ್ನೋ ಮತ್ತೊಂದನ್ನೋ ಹೊರಿಸುವುದು ಅನ್ಯಾಯವಾದೀತು. ಅಂಥ ಬಿರುಗಾಳಿಯೆದುರು ಯಾವ ಉಡುಪಿಗೂ ಪೂರ್ಣ ಭರವಸೆಯಿಲ್ಲ. ಆದರೆ ಆ ಸುದ್ದಿಯನ್ನೋದಿದ ದಿನ ನಾನು ಕಲ್ಲುಮಂಟಪದ ಇರುಳನ್ನು ನೆನೆದೆನು. ಕುಮಾರಪರ್ವತದಲ್ಲಿ ನಮಗೆ ಹತ್ತು ಡಿಗ್ರಿ ಕಲಿಸಿದ ಪಾಠವನ್ನು ಅಲ್ಲಿ ಶೂನ್ಯಕ್ಕೂ ಕೆಳಗಿನ ಗಾಳಿ ಕ್ಷಣಮಾತ್ರದಲ್ಲಿ ಕಲಿಸುತ್ತದೆ. ಅಲ್ಲಿಗೆ ಹೋಗುವವರು ಸಹ್ಯಾದ್ರಿಯ ಲೆಕ್ಕವನ್ನು ಇಮ್ಮಡಿಸಿಕೊಳ್ಳಬೇಕು. ಒಣ ಗವಸುಗಳ ಎರಡನೆಯ ಜೊತೆ, ಕಿವಿ ಮುಚ್ಚುವ ಟೋಪಿ ಇವನ್ನೂ ಆ ಗಂಟಿಗೇ ಸೇರಿಸಬೇಕು.

ಕೊನೆಯದಾಗಿ, ಎಲ್ಲರಿಗೂ ಕಷ್ಟವೆನಿಸುವ ಒಂದು ಮಾತು. ಆ ಇರುಳು ಕಳೆದು ಬೆಳಗಾದಾಗ ಮಳೆ ನಿಂತಿತ್ತು, ಮಂಜು ಮಾತ್ರ ಮಂಟಪದ ಕಂಬಗಳ ನಡುವೆ ಹಾದುಹೋಗುತ್ತಿತ್ತು. ಗೆಳೆಯನು ಚೇತರಿಸಿಕೊಂಡಿದ್ದನು, ಮೈಗೆ ಹತ್ತಿದ ಬೆಚ್ಚನೆಯ ಉಣ್ಣೆಯಂಗಿಯಲ್ಲಿಯೇ ಇಳಿದುಬಿಡುವೆನೆಂದನು. ಗೌಡರು ಒಪ್ಪಲಿಲ್ಲ. ಹಿಂಡಿ ನೇತುಹಾಕಿದ್ದ ಅವನ ಒದ್ದೆ ಬಟ್ಟೆಗಳನ್ನೇ ತಂದು ಕೊಟ್ಟರು. ತಾವೂ ತಣ್ಣಗೆ ಕೊರೆಯುವ ತಮ್ಮ ನಿನ್ನೆಯ ಅಂಗಿಯನ್ನೇ ತೊಟ್ಟರು. ಯಾಕೆ ಗೌಡ್ರೇ ಎಂದರೆ, "ಇವತ್ತೂ ರಾತ್ರಿ ಉಂಟಲ್ಲ" ಎಂದರು. ನಾವು ಸಂಜೆಗೆ ಊರು ಸೇರುವವರಿದ್ದೆವು, ಸೇರಿದೆವು ಕೂಡ. ಆದರೆ ಸೇರುವೆವೆಂದು ಆ ಬೆಳಿಗ್ಗೆ ಯಾರೂ ಬರೆದುಕೊಟ್ಟಿರಲಿಲ್ಲ. ಅರ್ಧ ಗಂಟೆ ನಡೆಯುವಷ್ಟರಲ್ಲಿ ಮೈ ಬಿಸಿಯೇರಿ ಒದ್ದೆಯ ಚಳಿ ಮರೆತುಹೋಯಿತು. ಈ ಸಲ ಮಳೆ ಹಿಂದೆಗೆದು ದಾರಿ ತೆರೆದ ಮೇಲೆ ಬೆಟ್ಟಕ್ಕೆ ಹೊರಡುವ ಓದುಗರಲ್ಲಿ ನನ್ನ ಪ್ರಾರ್ಥನೆ ಇಷ್ಟೇ: ಮನೆಯಲ್ಲಿಯೇ ಆ ಗಂಟನ್ನು ಬಿಗಿದುಕೊಳ್ಳಿ, ಹಗಲಿನಲ್ಲಿ ಎಷ್ಟೇ ನೆನೆದರೂ ಅದನ್ನು ಬಿಚ್ಚಬೇಡಿ, ಬಿಚ್ಚಿ ತೊಟ್ಟ ಮೇಲೆ, ಬೆಳಗಾದೊಡನೆ, ಎಷ್ಟೇ ಕಷ್ಟವಾದರೂ ಕಳಚಿ ಮತ್ತೆ ಪ್ಲಾಸ್ಟಿಕ್ಕಿಗೆ ಸೇರಿಸಿ, ನಿನ್ನೆಯ ಒದ್ದೆಯನ್ನೇ ತೊಟ್ಟು ನಡೆಯಿರಿ.